ಕಡಲ ಮೇಲೊಂದು ಗಾಳಿಪಟ: ಝಾಂಝಿಬಾರಿಗೆ ಹೊರಡುವ ಮುನ್ನ

ಕಳೆದ ರಜೆಯ ಒಂದು ಸಂಜೆ ಚಹಾ ಕುಡಿಯುತ್ತಿದ್ದಾಗ ನನ್ನ ಮಗಳು ಮೆಲ್ಲಗೆ ಮಾತು ತೆಗೆದಳು. "ಉಮ್ಮಾ, ಡಿಗ್ರಿ ಮುಗಿದರೆ ಬಳೆ ಮಾಡಿಸಿಕೊಡುತ್ತೇನೆ ಅಂದಿದ್ದಿರಲ್ಲ, ನನಗೆ ಬಳೆ ಬೇಡ. ಝಾಂಝಿಬಾರಿಗೆ ಕರೆದುಕೊಂಡು ಹೋಗಿ. ಅಲ್ಲಿ ನಾನು ಕೈಟ್ ಬೋರ್ಡಿಂಗ್ ಕಲಿಯಬೇಕು."

ನನ್ನ ಕೈಯಲ್ಲಿದ್ದ ಲೋಟ ಹಾಗೆಯೇ ನಿಂತಿತು. ದೊಡ್ಡದೊಂದು ಗಾಳಿಪಟವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕಾಲಡಿಯಲ್ಲಿ ಹಲಗೆ ಇಟ್ಟುಕೊಂಡು, ಗಾಳಿ ಎಳೆದತ್ತ ನೀರಿನ ಮೇಲೆ ಜಾರುವ ಆಟ ಅದು. ಪಟದ ಬದಲು ಹಲಗೆಗೇ ಹಾಯಿ ಕಟ್ಟಿದರೆ ವಿಂಡ್ ಸರ್ಫಿಂಗ್. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕೈಟ್ ಆಟಕ್ಕೆ ಮೊದಲ ಬಾರಿಗೆ ಪದಕ ಕೊಟ್ಟರು ಎಂಬುದನ್ನೂ ಅವಳೇ ಹೇಳಿದಳು. ನನಗೆ ಮಾತ್ರ ನೆನಪಾದದ್ದು ನನ್ನ ಅಜ್ಜಿಯ ಮಾತು: "ಹೆಣ್ಣುಮಕ್ಕಳಿಗೆ ಕಡಲಲ್ಲಿ ಏನು ಕೆಲಸ?"

ಓದುಗ ಸಹೋದರಿಯರೇ, ನಿಮ್ಮ ಮನೆಯಲ್ಲೂ ಇಂಥ ಬೇಡಿಕೆ ಒಂದು ದಿನ ಬಂದೀತು. ಆಗ ಕೂಡಲೇ 'ಇಲ್ಲ' ಎನ್ನಬೇಡಿ, ಕೂಡಲೇ 'ಆಗಲಿ' ಎಂದೂ ಹೇಳಬೇಡಿ. ನಾನು ಕೆಲವು ತಿಂಗಳು ವಿಚಾರಿಸಿ, ಓದಿ ತಿಳಿದುಕೊಂಡದ್ದನ್ನು ಇಲ್ಲಿ ನಿಮ್ಮ ಮುಂದಿಡುತ್ತೇನೆ.

ಝಾಂಝಿಬಾರೇ ಏಕೆ?

ಝಾಂಝಿಬಾರ್ ಪೂರ್ವ ಆಫ್ರಿಕಾದ ತಾಂಝಾನಿಯಾ ದೇಶಕ್ಕೆ ಸೇರಿದ ದ್ವೀಪ ಸಮೂಹ. ಭೂಮಧ್ಯರೇಖೆಯಿಂದ ದಕ್ಷಿಣಕ್ಕೆ ಸುಮಾರು ಆರು ಡಿಗ್ರಿ ದೂರದಲ್ಲಿದೆ. ಉಂಗುಜಾ ಮತ್ತು ಪೆಂಬಾ ಅದರ ದೊಡ್ಡ ದ್ವೀಪಗಳು. ಪ್ರವಾಸಿಗರು ಹೆಚ್ಚಾಗಿ ಹೋಗುವುದು ಉಂಗುಜಾಕ್ಕೆ. ಅಲ್ಲಿನ ಬಹುತೇಕ ಜನರು ಮುಸ್ಲಿಮರು. ಐದು ಹೊತ್ತೂ ಅಝಾನ್ ಕೇಳಿಸುತ್ತದೆ. ತಲೆಗೆ ಬಟ್ಟೆ ಹೊದ್ದ ಹೆಣ್ಣುಮಗಳನ್ನು ಅಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಇಂಥ ಆಟಕ್ಕೆ ಹೆಸರಾದ ಬೇರೆ ಎಷ್ಟೋ ಊರುಗಳಲ್ಲಿ ಈ ನೆಮ್ಮದಿ ಸಿಗುವುದಿಲ್ಲ.

ಉಂಗುಜಾದ ಪೂರ್ವ ತೀರದಲ್ಲಿ ಪಾಜೆ ಎಂಬ ಹಳ್ಳಿಯಿದೆ. ದಡದಿಂದ ದೂರದಲ್ಲಿ ಹವಳದ ದಿಬ್ಬವೊಂದು ಗೋಡೆಯಂತೆ ಅಡ್ಡ ನಿಂತಿದೆ. ಹಿಂದೂ ಮಹಾಸಾಗರದ ದೊಡ್ಡ ಅಲೆಗಳು ಅದಕ್ಕೆ ಬಡಿದು ಅಲ್ಲೇ ಒಡೆಯುತ್ತವೆ. ಒಳಗಿನ ನೀರು ಕೆರೆಯಂತೆ ಶಾಂತ, ತಳದಲ್ಲಿ ಬಿಳಿ ಮರಳು, ಬಹಳಷ್ಟು ಕಡೆ ಸೊಂಟದ ಮಟ್ಟ. ಕಲಿಯುವವರಿಗೆ ಇದಕ್ಕಿಂತ ಹೆಚ್ಚೇನು ಬೇಕು?

ಗಾಳಿಯ ಲೆಕ್ಕ

ಇಂಥ ಪ್ರವಾಸಕ್ಕೆ ದಿನಾಂಕ ಗೊತ್ತು ಮಾಡುವುದು ನಿಮ್ಮ ರಜೆಯಲ್ಲ, ಗಾಳಿ. ಝಾಂಝಿಬಾರಿನಲ್ಲಿ ವರ್ಷಕ್ಕೆ ಎರಡು ಗಾಳಿ. ಈಶಾನ್ಯದಿಂದ ಬೀಸುವುದು 'ಕಸ್ಕಾಝಿ', ಡಿಸೆಂಬರ್ ಮಧ್ಯದಿಂದ ಫೆಬ್ರವರಿ ಕೊನೆಯವರೆಗೆ. ಆಗ್ನೇಯದಿಂದ ಬೀಸುವುದು 'ಕೂಸಿ', ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಪಾಜೆಯ ದಡದಲ್ಲಿ ಕಡಲಿಗೆ ಮುಖ ಮಾಡಿ ನಿಂತರೆ ಕಸ್ಕಾಝಿ ಎಡಗಡೆಯಿಂದ, ಕೂಸಿ ಬಲಗಡೆಯಿಂದ ಬರುತ್ತದೆ. ಎರಡೂ ಸ್ವಲ್ಪ ಓರೆಯಾಗಿ ದಡದತ್ತಲೇ ತಳ್ಳುವ ಗಾಳಿಗಳು. ಇದು ಬಹಳ ಮುಖ್ಯ. ದಡದಿಂದ ಕಡಲಿನತ್ತ ಬೀಸುವ ಗಾಳಿಯಲ್ಲಿ ಹೊಸಬರು ಎಂದೂ ನೀರಿಗೆ ಇಳಿಯಬಾರದು. ಹಿಂದಿರುಗಲು ದಾರಿಯೇ ಇರುವುದಿಲ್ಲ.

ಮಾರ್ಚ್ ನಡುವಿನಿಂದ ಮೇ ತನಕ ಅಲ್ಲಿ ದೊಡ್ಡ ಮಳೆಗಾಲ. ನಮ್ಮ ಮಕ್ಕಳ ಬೇಸಿಗೆ ರಜೆ ಬರುವುದು ಅದೇ ಸಮಯಕ್ಕೆ. ಕಡಿಮೆ ದರದ ಆಸೆಗೆ ಏಪ್ರಿಲ್‌ನಲ್ಲಿ ಹೋದರೆ ಕೋಣೆಯಲ್ಲಿ ಕುಳಿತು ಮಳೆ ನೋಡಬೇಕಾದೀತು. ಅದನ್ನು ನಮ್ಮೂರಲ್ಲೇ ನೋಡಬಹುದು!

ಈ ಗಾಳಿಗಳು ನಮಗೆ ಹೊಸಬರಲ್ಲ. ಇವು ನಮ್ಮ ಮುಂಗಾರು ಹಿಂಗಾರಿನ ಬಂಧುಗಳೇ. ಶತಮಾನಗಳ ಕಾಲ ಅರಬ್ ಮತ್ತು ಗುಜರಾತಿನ ಹಾಯಿಹಡಗುಗಳು ಕಸ್ಕಾಝಿ ಹಿಡಿದು ಆಫ್ರಿಕಾಕ್ಕೆ ಇಳಿದು, ಕೂಸಿಯ ಬೆನ್ನೇರಿ ಮರಳುತ್ತಿದ್ದವು. ಯಾತ್ರಿಕ ಇಬ್ನ್ ಬತೂತಾ 1331ರಲ್ಲಿ ಇದೇ ಕರಾವಳಿಯ ಮೊಂಬಾಸಾ, ಕಿಲ್ವಾಗಳಿಗೆ ಹೋಗಿದ್ದರು. ಮುಂದೆ ಅವರು ನಮ್ಮ ಹೊನ್ನಾವರಕ್ಕೂ ಬಂದರು. ಅಲ್ಲಿ ಹುಡುಗಿಯರಿಗಾಗಿಯೇ ಹದಿಮೂರು ಶಾಲೆಗಳಿದ್ದುದನ್ನು ಮೆಚ್ಚಿ ಬರೆದರು. ಹೆಣ್ಣುಮಕ್ಕಳ ಕಲಿಕೆ ಈ ಕಡಲಿಗೆ ಹೊಸದೇನಲ್ಲ.

ಚಂದ್ರನ ಲೆಕ್ಕ

ಗಾಳಿಯ ನಂತರ ನೋಡಬೇಕಾದುದು ಉಬ್ಬರವಿಳಿತ. ಅಮಾವಾಸ್ಯೆ ಹುಣ್ಣಿಮೆಗಳ ಹಿಂದೆಯೇ ಪಾಜೆಯ ಕಡಲು ನೂರಾರು ಮೀಟರ್ ಹಿಂದೆ ಸರಿಯುತ್ತದೆ. ನೀರಿದ್ದ ಜಾಗದಲ್ಲಿ ಮರಳು, ಪಾಚಿ, ಮುಳ್ಳುಮುಳ್ಳಾದ ಕಡಲಜೀವಿಗಳು. ಕಾಲಿಗೆ ರಬ್ಬರ್ ಬೂಟು ಇಲ್ಲದೆ ಅಲ್ಲಿ ನಡೆಯಬಾರದು.

ಈ ಲೆಕ್ಕಕ್ಕೆ ನಿಮಗೆ ಬೇರೆ ಪಂಚಾಂಗ ಬೇಡ, ಮನೆಯ ಗೋಡೆಯಲ್ಲಿರುವ ಹಿಜ್‌ರಿ ಕ್ಯಾಲೆಂಡರ್ ಸಾಕು. ಚಾಂದ್ರಮಾಸದ 1ರಿಂದ 3 ಮತ್ತು 15ರಿಂದ 17ರ ಆಸುಪಾಸಿನಲ್ಲಿ ನೀರು ಅತಿಯಾಗಿ ಏರುತ್ತದೆ, ಅತಿಯಾಗಿ ಇಳಿಯುತ್ತದೆ. 8-9 ಮತ್ತು 22-23ರ ಸುಮಾರಿಗೆ ಏರಿಳಿತ ಕಡಿಮೆ. ಪಾಠದ ದಿನಗಳು ಈ ಎರಡನೆಯ ಗುಂಪಿಗೆ ಬೀಳುವಂತೆ ಟಿಕೆಟ್ ಮಾಡಿಸಿದರೆ ನೀರಿಗಾಗಿ ಕಾಯುವ ಹೊತ್ತು ಉಳಿಯುತ್ತದೆ. ಸಮಯವೂ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ. ಹಾಗಾಗಿ ಪಾಠ ನಿನ್ನೆಯ ಹೊತ್ತಿಗೇ ಇಂದೂ ಇರುವುದಿಲ್ಲ.

ಅಲ್ಲಿನ ಗಡಿಯಾರದ ಬಗ್ಗೆಯೂ ಎಚ್ಚರವಿರಲಿ. ಸ್ವಾಹಿಲಿ ಭಾಷೆಯವರು ಗಂಟೆ ಎಣಿಸುವುದು ಸೂರ್ಯೋದಯದಿಂದ. ನಮ್ಮ ಬೆಳಗಿನ ಏಳು ಗಂಟೆ ಅವರಿಗೆ 'ಒಂದು ಗಂಟೆ'. 'ಮೂರು ಗಂಟೆಗೆ ಬನ್ನಿ' ಎಂದರೆ ಒಂಬತ್ತಕ್ಕೆ ಬನ್ನಿ ಎಂದರ್ಥ! ಕೇಳಿ ಖಚಿತಪಡಿಸಿಕೊಳ್ಳಿ. ಇನ್ನೊಂದು ವಿಷಯ: ನಾವು ಇಲ್ಲಿ ಪಶ್ಚಿಮದತ್ತ ತಿರುಗಿ ನಮಾಝ್ ಮಾಡುವವರು. ಮಕ್ಕಾ ಝಾಂಝಿಬಾರಿಗೆ ಹೆಚ್ಚುಕಡಿಮೆ ನೇರ ಉತ್ತರದಲ್ಲಿದೆ. ಅಭ್ಯಾಸಬಲದಿಂದ ಪಶ್ಚಿಮಕ್ಕೆ ನಿಲ್ಲಬೇಡಿ.

ಉಡುಪು ಮತ್ತು ಶಿಕ್ಷಕಿ

ಈ ಆಟದಲ್ಲಿ ಮೈ ಮುಚ್ಚುವ ಉಡುಪು ಅಡ್ಡಿಯಲ್ಲ. ಅಲ್ಲಿನ ಬಿಸಿಲಿಗೆ ಹೆದರಿ ಉಳಿದವರೂ ತೋಳು ತುಂಬ ಬಟ್ಟೆ ಹಾಕುತ್ತಾರೆ. ಆಸ್ಟ್ರೇಲಿಯಾದ ಅಹೇದಾ ಝನೆಟ್ಟಿ 2004ರಲ್ಲಿ ರೂಪಿಸಿದ ಬುರ್ಕಿನಿಯಂಥ ಉಡುಪು ಈಗ ಭಾರತದಲ್ಲೂ ಸಿಗುತ್ತದೆ. ನೆನಪಿಡಬೇಕಾದುದು ಒಂದೇ: ಸಡಿಲವಾಗಿ ಹಾರುವುದು ಯಾವುದೂ ಇರಬಾರದು. ಪಟದ ದಾರಗಳು ಇಪ್ಪತ್ತು ಮೀಟರಿಗೂ ಹೆಚ್ಚು ಉದ್ದ, ಅದರ ಎಳೆತ ಬಲವಾದದ್ದು. ದುಪಟ್ಟಾದ ತುದಿಯಾಗಲಿ, ಶಾಲಿನ ಅಂಚಾಗಲಿ ಅದಕ್ಕೆ ಸಿಕ್ಕಿಕೊಂಡರೆ ಜೀವಕ್ಕೇ ಕುತ್ತು. ತಲೆಗೆ ಬಿಗಿಯಾದ ಈಜು ಟೋಪಿಯಂಥ ಹಿಜಾಬ್, ಅದರ ಮೇಲೆ ಹೆಲ್ಮೆಟ್, ಎದೆಗೆ ತೇಲುವ ಕವಚ. ಉಂಗುರ, ಬಳೆ ಕೋಣೆಯಲ್ಲೇ ಇರಲಿ.

ಇನ್ನು ಕಲಿಸುವವರ ವಿಷಯ. ಮೊದಲ ದಿನಗಳಲ್ಲಿ ಶಿಕ್ಷಕರು ಬೆನ್ನ ಹಿಂದಿನ ಪಟ್ಟಿಯನ್ನು ಹಿಡಿದುಕೊಂಡೇ ಕಲಿಸುತ್ತಾರೆ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ನಾವು ಒಂದು ತರಬೇತಿ ಶಾಲೆಗೆ ಬರೆದು ಕೇಳಿದಾಗ, 'ಅಲ್ಲಿಗೆ ಬಂದ ಮೇಲೆ ನೋಡೋಣ' ಎಂಬ ಉತ್ತರ ಬಂತು. ಅದನ್ನು ಬಿಟ್ಟೆವು. ಇನ್ನೊಂದು ಕಡೆ ಮಹಿಳಾ ಶಿಕ್ಷಕಿ ಇರುವ ವಾರವನ್ನೇ ತಿಳಿಸಿದರು. ಮುಂಗಡ ಹಣ ಕಳಿಸುವ ಮೊದಲು ಈ ಪ್ರಶ್ನೆ ಕೇಳಲು ನಾಚಬೇಡಿ. ಶಿಕ್ಷಕರಿಗೆ ಮಾನ್ಯತೆ ಪಡೆದ ಸಂಸ್ಥೆಯ ಪ್ರಮಾಣಪತ್ರ ಇದೆಯೇ, ನೀರಿನಲ್ಲಿ ರಕ್ಷಣಾ ದೋಣಿ ಇರುತ್ತದೆಯೇ ಎಂಬುದನ್ನೂ ಕೇಳಿ. ಹೊಸಬರ ಪಾಠಕ್ಕೆ ಒಟ್ಟು ಒಂಬತ್ತರಿಂದ ಹನ್ನೆರಡು ಗಂಟೆ ಬೇಕು. ಗಾಳಿ ಕೈಕೊಡುವ ದಿನವೂ ಇರುವುದರಿಂದ ಒಂದು ವಾರ ಇಟ್ಟುಕೊಳ್ಳಿ. ಮೊದಲ ಪಾಠ ಯಾವುದು ಗೊತ್ತೇ? ಪಟವನ್ನು ಹಾರಿಸುವುದಲ್ಲ, ಅಪಾಯ ಬಂದಾಗ ಅದನ್ನು ಮೈಯಿಂದ ಕಳಚಿ ಬಿಡುವುದು.

ಕಾಗದಪತ್ರಗಳು

ಭಾರತೀಯರಿಗೆ ತಾಂಝಾನಿಯಾದ ವೀಸಾ ಬೇಕು. ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು. ಸಾಮಾನ್ಯ ಪ್ರವೇಶ ವೀಸಾಕ್ಕೆ 50 ಡಾಲರ್. ಅಲ್ಲದೆ 2024ರ ಅಕ್ಟೋಬರ್ 1ರಿಂದ ಝಾಂಝಿಬಾರಿಗೆ ಬರುವ ವಿದೇಶಿಯರು ಅಲ್ಲಿನದೇ ವಿಮೆಯನ್ನು ಮಾಡಿಸಬೇಕು. ವಯಸ್ಕರಿಗೆ 44 ಡಾಲರ್ ಎಂದು ಗೊತ್ತುಪಡಿಸಿದ್ದರು. ಸಾಮಾನ್ಯ ಪ್ರವಾಸ ವಿಮೆಗಳು ಇಂಥ ಆಟದ ಗಾಯಗಳನ್ನು ಹೊರಗಿಡುವುದುಂಟು, ಅದಕ್ಕೆ ಪ್ರತ್ಯೇಕ ವಿಮೆ ನೋಡಿ. ಅಡಿಸ್ ಅಬಾಬಾ ಅಥವಾ ನೈರೋಬಿ ಮೂಲಕ ವಿಮಾನ ಹಿಡಿಯುವವರು ಹಳದಿ ಜ್ವರದ ಲಸಿಕೆಯ ಬಗ್ಗೆ ವಿಚಾರಿಸಲೇಬೇಕು. ಲಸಿಕೆಯ ಪ್ರಮಾಣಪತ್ರ ಊರ್ಜಿತವಾಗುವುದು ಚುಚ್ಚಿಸಿಕೊಂಡ ಹತ್ತು ದಿನಗಳ ನಂತರ. ಮಲೇರಿಯಾ ಬಗ್ಗೆಯೂ ವೈದ್ಯರನ್ನು ಕೇಳಿ. ಮತ್ತೊಂದು, ನಮ್ಮ ಅಭ್ಯಾಸದಂತೆ ತಿಂಡಿಯನ್ನೆಲ್ಲ ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಬೇಡಿ. ಅಲ್ಲಿ ಅವುಗಳಿಗೆ ನಿಷೇಧವಿದೆ.

ತಿಂಡಿ ಹೊರುವ ಅಗತ್ಯವೂ ಇಲ್ಲ. ಪುಲಾವ್, ಬಿರಿಯಾನಿ, ಚಪಾತಿ, ಸಂಬೂಸಾ, ತೆಂಗಿನ ಹಾಲಿನ ಅನ್ನ ಎಲ್ಲವೂ ಅಲ್ಲಿವೆ. ಊರಿನ ಹೋಟೆಲುಗಳಲ್ಲಿ ಹಲಾಲ್ ಆಹಾರವೇ ಇರುತ್ತದೆ. ವಿದೇಶಿಯರಿಗಾಗಿರುವ ರೆಸಾರ್ಟ್‌ಗಳಲ್ಲಿ ಮಾತ್ರ ಕೇಳಿ ತಿನ್ನಿ. ಈಗಿನ ವರ್ಷಗಳಲ್ಲಿ ರಮಝಾನ್ ಕಸ್ಕಾಝಿಯ ಕೊನೆಯ ವಾರಗಳಿಗೆ ತಾಗಿ ಬರುತ್ತಿದೆ. ಉಪವಾಸದಲ್ಲಿ ಬಿಸಿಲು, ಉಪ್ಪುನೀರು, ದಣಿವು ಮೂರೂ ಸೇರುವುದು ಬೇಡ. ನಾವು ಜನವರಿಯನ್ನು ಆರಿಸಿಕೊಂಡೆವು.

ಕಡಲ ಹೊಲದ ಮಹಿಳೆಯರು

ಪಾಜೆಯ ಕಡಲು ಕೇವಲ ಆಟದ ಮೈದಾನವಲ್ಲ. ನೀರು ಇಳಿದಾಗ ಮರಳಿನಲ್ಲಿ ಸಾಲು ಸಾಲಾಗಿ ಗೂಟಗಳೂ ಹಗ್ಗಗಳೂ ಕಾಣುತ್ತವೆ. ಅವು ಕಡಲಕಳೆಯ ಹೊಲಗಳು. ಸ್ವಾಹಿಲಿಯಲ್ಲಿ ಅದಕ್ಕೆ 'ಮ್ವಾನಿ' ಎನ್ನುತ್ತಾರೆ. 1989ರಲ್ಲಿ ಈ ಭಾಗದಲ್ಲೇ ಮಾರಾಟಕ್ಕಾಗಿ ಬೆಳೆಯಲು ತೊಡಗಿದರು. ಐಸ್‌ಕ್ರೀಮ್, ಟೂತ್‌ಪೇಸ್ಟ್‌ಗಳನ್ನು ಗಟ್ಟಿಯಾಗಿಸುವ ಅಂಟು ಇದರಿಂದ ಬರುತ್ತದೆ. ಬೆಳೆಯುವವರಲ್ಲಿ ಹೆಚ್ಚಿನವರು ಮಹಿಳೆಯರು. ಉದ್ದನೆಯ ಬಟ್ಟೆಯುಟ್ಟು, ತಲೆಗೆ ಬಟ್ಟೆ ಸುತ್ತಿ, ಸೊಂಟದ ನೀರಿನಲ್ಲಿ ಬಗ್ಗಿ ದುಡಿಯುತ್ತಾರೆ. ಮಕ್ಕಳ ಶಾಲೆ, ಮನೆಯ ಖರ್ಚು ಎಷ್ಟೋ ಮನೆಗಳಲ್ಲಿ ಈ ಹಗ್ಗಕ್ಕೇ ಕಟ್ಟಿಕೊಂಡಿದೆ.

ಹಲಗೆಯ ಮೇಲೆ ಜಾರುವವರು ಆ ಗೂಟಗಳ ಮೇಲೆ ಹಾಯ್ದರೆ ಒಬ್ಬ ತಾಯಿಯ ತಿಂಗಳ ದುಡಿಮೆ ಹರಿದುಹೋಗುತ್ತದೆ. ಆದ್ದರಿಂದ ಮಕ್ಕಳಿಗೆ ಇದನ್ನು ಮೊದಲೇ ಹೇಳಿಕೊಡಿ. ಹೊಲಗಳಿಂದ ದೂರವಿರಬೇಕು, ದುಡಿಯುವವರ ಫೋಟೋವನ್ನು ಕೇಳದೆ ತೆಗೆಯಬಾರದು, ಆಟದ ಉಡುಪಿನಲ್ಲಿ ಹಳ್ಳಿಯೊಳಗೆ ನಡೆಯಬಾರದು.

ಈ ಮಹಿಳೆಯರಿಗೆ ಈಗ ಹೊಸ ಕಷ್ಟ ಬಂದಿದೆ. ಕಡಲು ಬಿಸಿಯಾಗುತ್ತಿದೆ. ಹೆಚ್ಚು ಬೆಲೆ ಬರುವ ಕಡಲಕಳೆ ದಡದ ಬಿಸಿ ನೀರಿನಲ್ಲಿ ಸಾಯುತ್ತದೆ, ಆಳದ ತಣ್ಣೀರಿನಲ್ಲಿ ಬೆಳೆಯುತ್ತದೆ. ಆದರೆ ಆಳಕ್ಕೆ ಹೋಗಲು ಈಜು ಬರಬೇಕು. ಹುಟ್ಟಿದಂದಿನಿಂದ ಕಡಲ ಮುಂದೆಯೇ ಬದುಕಿದ ಅನೇಕರಿಗೆ ಈಜು ಬಾರದು!

2011ರ ಸೆಪ್ಟೆಂಬರ್ 10ರಂದು, ಈದ್ ಮುಗಿದು ಹೆಚ್ಚು ದಿನವಾಗಿರಲಿಲ್ಲ, ಉಂಗುಜಾದಿಂದ ಪೆಂಬಾಕ್ಕೆ ಹೊರಟ 'ಸ್ಪೈಸ್ ಐಲ್ಯಾಂಡರ್' ಹಡಗು ಮಿತಿಮೀರಿ ಜನರನ್ನು ತುಂಬಿಕೊಂಡು ಮುಳುಗಿತು. ನೂರಾರು ಮಂದಿ ಪ್ರಾಣ ಕಳೆದುಕೊಂಡರು. ಅವರಲ್ಲಿ ಹೆಂಗಸರು, ಮಕ್ಕಳು ಬಹಳ ಮಂದಿ. ದ್ವೀಪದ ಉತ್ತರ ಭಾಗದಲ್ಲಿ 'ಪಂಜೆ ಪ್ರಾಜೆಕ್ಟ್' ಎಂಬ ತಂಡ ಹೆಣ್ಣುಮಕ್ಕಳಿಗೆ ಮೈತುಂಬ ಉಡುಪಿನಲ್ಲೇ ಈಜು ಕಲಿಸಿದೆ. ಮಹಿಳೆಯರೇ ಕಲಿಸುವವರು. ಶಾಲಾ ಹುಡುಗಿಯರು ಖಾಲಿ ಡಬ್ಬಿಗಳನ್ನು ತಬ್ಬಿಕೊಂಡು ತೇಲುವ ಆ ಚಿತ್ರಗಳಿಗೆ 2018ರಲ್ಲಿ ವರ್ಲ್ಡ್ ಪ್ರೆಸ್ ಫೋಟೋ ಪ್ರಶಸ್ತಿ ಬಂತು. ಮಗಳು ಅದನ್ನು ಮೊಬೈಲಿನಲ್ಲಿ ತೋರಿಸಿದಾಗ ನಾನು ಬಹಳ ಹೊತ್ತು ನೋಡಿದೆ.

ಗಾಳಿ ಇಲ್ಲದ ದಿನ

ಒಂದು ದಿನವನ್ನು ಸ್ಟೋನ್ ಟೌನ್‌ಗೆ ಇಡಿ. ಕೆತ್ತನೆಯ ಬಾಗಿಲುಗಳ ಈ ಹಳೆಯ ಪಟ್ಟಣ 2000ದಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಗುಲಾಮರ ಮಾರುಕಟ್ಟೆ ಇದ್ದ ಜಾಗವನ್ನೂ ನೋಡಿ, ಮಕ್ಕಳಿಗೆ ಆ ಕಹಿ ಕತೆ ಹೇಳಿ. ಕಿಝಿಂಕಾಝಿಯಲ್ಲಿ ಕ್ರಿ.ಶ. 1107ರ ಕೂಫಿ ಲಿಪಿಯ ಶಾಸನವಿರುವ ಹಳೆಯ ಮಸೀದಿಯಿದೆ. ಅಲ್ಲಿ ಒಂದು ಹೊತ್ತಿನ ನಮಾಝ್ ಮಾಡಿ ಬನ್ನಿ.

ಮೊದಲ ಷರತ್ತು

ನಾನು ಮಗಳಿಗೆ ಕೊನೆಗೆ ಹೇಳಿದ್ದು ಇಷ್ಟು: "ಹೋಗೋಣ. ಆದರೆ ಮೊದಲು ಈಜು ಕಲಿ. ಆಮೇಲೆ ಟಿಕೆಟ್."

ಅವಳು ನಗುತ್ತಾ, "ನೀವೂ ಬನ್ನಿ ಉಮ್ಮಾ. ಪಾಜೆಯಲ್ಲಿ ನಾನು ಮುಳುಗಿದರೆ ನೀವು ದಡದಲ್ಲಿ ನಿಂತು ಏನು ಮಾಡುತ್ತೀರಿ?" ಎಂದಳು.

ಉತ್ತರವಿರಲಿಲ್ಲ. ನಾನೂ ಕಡಲ ಬದಿಯಲ್ಲೇ ಹುಟ್ಟಿದವಳು. ಚಿಕ್ಕಂದಿನಲ್ಲಿ ನೆರೆ ಬಂದಾಗ ಗಂಡುಮಕ್ಕಳು ನೀರಿಗೆ ಹಾರಿದರೆ, ನಾವು ಹುಡುಗಿಯರು ಜಗಲಿಯಲ್ಲಿ ಕುಳಿತು ನೋಡುತ್ತಿದ್ದೆವು. ನಲವತ್ತಾರನೆಯ ವಯಸ್ಸಿನಲ್ಲಿ ಮಹಿಳೆಯರ ಸಮಯಕ್ಕೆ ಈಜುಕೊಳಕ್ಕೆ ಹೋಗಲು ಆರಂಭಿಸಿದ್ದೇನೆ. ಮೊದಲ ವಾರ ಮೂಗಿಗೆ ನೀರು ಹೋಗಿ ಅತ್ತೂ ಬಿಟ್ಟೆ. ಈಗ ಗೋಡೆ ಬಿಟ್ಟು ಹತ್ತು ಮಾರು ಹೋಗಬಲ್ಲೆ. ಮಗಳ ತಂದೆ ದಡದಲ್ಲಿ ಕುಳಿತುಕೊಳ್ಳುವುದಾಗಿ ಈಗಲೇ ಹೇಳಿದ್ದಾರೆ.

ಝಾಂಝಿಬಾರಿನ ಪ್ರವಾಸ ಎಲ್ಲರ ಕೈಗೆಟಕುವ ಮಾತಲ್ಲ, ನನಗೂ ಗೊತ್ತು. ನಮಗೂ ಅದು ಬಳೆಯ ಹಣ. ಆದರೆ ಈಜು ಎಲ್ಲರ ಕೈಗೆಟಕುತ್ತದೆ. ನಿಮ್ಮ ಊರಿನ ಕೊಳದಲ್ಲಿ ಮಹಿಳೆಯರಿಗೆ ಪ್ರತ್ಯೇಕ ಸಮಯ ಇಲ್ಲದಿದ್ದರೆ ನಾಲ್ಕು ಮಂದಿ ಸೇರಿ ಕೇಳಿ. ಮಗಳನ್ನೂ ಕರೆದುಕೊಂಡು ಹೋಗಿ, ನೀವೂ ನೀರಿಗೆ ಇಳಿಯಿರಿ. ಗಾಳಿ ಹಿಡಿಯುವ ಆಸೆ ಆಮೇಲೆ ಇರಲಿ.