ಅಮೆರಿಕ ಮಾತು ಬದಲಿಸಿದಾಗ ಮಂಗಳೂರಿಗೆ ಏನಾಯಿತು?

ಮಂಗಳೂರಿನ ಎಂಆರ್‌ಪಿಎಲ್ ಹಲವು ವರ್ಷ ಇರಾನಿನ ಕಚ್ಚಾ ತೈಲದ ದೊಡ್ಡ ಗಿರಾಕಿ. 2019ರ ಮೇ ತಿಂಗಳಲ್ಲಿ ಭಾರತ ಆ ತೈಲ ಕೊಳ್ಳುವುದನ್ನೇ ನಿಲ್ಲಿಸಿತು. ಇರಾನ್ ಜೊತೆ ನಮಗೇನೂ ಜಗಳ ಇರಲಿಲ್ಲ, ಇದ್ದದ್ದು ಅಮೆರಿಕಕ್ಕೆ. ಡಿಪ್ಲೊಮಾ ತರಗತಿಯಲ್ಲಿ ನಮಗೆ ವಿದೇಶಾಂಗ ನೀತಿ ಎಂದರೆ ಪಂಚಶೀಲ, ಅಲಿಪ್ತ ಚಳವಳಿ ಎಂದು ಬರೆಸಿದ್ದರು. ಬ್ಯಾಂಕ್ ಖಾತೆಯ ಸುದ್ದಿ ಆ ನೋಟ್ಸಿನಲ್ಲಿ ಇರಲಿಲ್ಲ.

2015ರಲ್ಲಿ ಅಮೆರಿಕ, ಬ್ರಿಟನ್, ಫ್ರಾನ್ಸ್, ಜರ್ಮನಿ, ರಷ್ಯಾ, ಚೀನಾ ಸೇರಿ ಇರಾನ್ ಜೊತೆ ಅಣು ಒಪ್ಪಂದ ಮಾಡಿಕೊಂಡವು. ಇರಾನ್ ಯುರೇನಿಯಂ ಸಂವರ್ಧನೆಯನ್ನು ಶೇ 3.67ಕ್ಕೆ ನಿಲ್ಲಿಸಬೇಕು, ಅದಕ್ಕೆ ಬದಲಾಗಿ ನಿರ್ಬಂಧ ಸಡಿಲ. ಇರಾನ್ ಷರತ್ತು ಪಾಲಿಸುತ್ತಿದೆ ಎಂದು ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ವರದಿ ಕೊಡುತ್ತಿದ್ದಾಗಲೇ, 2018ರ ಮೇ 8ರಂದು ಟ್ರಂಪ್ ಒಪ್ಪಂದದಿಂದ ಹೊರಬಂದರು. ಮಿತ್ರರಾದ ಬ್ರಿಟನ್, ಫ್ರಾನ್ಸ್, ಜರ್ಮನಿ ಬೇಡ ಎಂದರೂ ಕೇಳಲಿಲ್ಲ.

ಬೇರೆ ದೇಶದವರನ್ನು ಅಮೆರಿಕ ತಡೆಯುವುದು ಹೇಗೆ? ಅವನ ಅಂಗಡಿಗೆ ಹೋದರೆ ನನ್ನ ಸಂತೆಗೆ ಬರಬೇಡ, ಅಷ್ಟೇ. ಡಾಲರ್ ವ್ಯವಹಾರ ಅಮೆರಿಕದ ಬ್ಯಾಂಕುಗಳ ಮೂಲಕ ನಡೆಯುತ್ತದೆ. ಆ ಬಾಗಿಲು ಮುಚ್ಚಿಸಿಕೊಳ್ಳಲು ದೊಡ್ಡ ಕಂಪನಿ ಯಾವುದೂ ತಯಾರಿಲ್ಲ. ಇರಾನಿನ ಅನಿಲ ತೆಗೆಯಲು ಹೋಗಿದ್ದ ಫ್ರಾನ್ಸಿನ ಟೋಟಲ್ ಕಂಪನಿ ಅದೇ ವರ್ಷ ವಾಪಸಾಯಿತು.

ಭಾರತಕ್ಕೆ 2018ರ ನವೆಂಬರಿನಲ್ಲಿ ಆರು ತಿಂಗಳ ವಿನಾಯಿತಿ ಸಿಕ್ಕಿತು. ಆಗ ತೈಲದ ದುಡ್ಡನ್ನು ಯೂಕೋ ಬ್ಯಾಂಕಿನಲ್ಲಿ ರೂಪಾಯಿಯಲ್ಲೇ ಕಟ್ಟುತ್ತಿದ್ದರು. ಇರಾನ್ ಅದೇ ರೂಪಾಯಿಯಲ್ಲಿ ನಮ್ಮ ಬಾಸ್ಮತಿ, ಚಹಾ ಕೊಳ್ಳುತ್ತಿತ್ತು. ತೈಲ ನಿಂತಿತು, ಖಾತೆಗೆ ರೂಪಾಯಿ ಬರುವುದೂ ನಿಂತಿತು. ಬಾಸ್ಮತಿಯ ಅತಿ ದೊಡ್ಡ ಗಿರಾಕಿಗಳಲ್ಲಿ ಒಂದಾಗಿದ್ದ ಇರಾನಿಗೆ ಅಕ್ಕಿಯ ದುಡ್ಡು ಕೊಡುವುದೇ ಕಷ್ಟವಾಯಿತು. ಅಣುಬಾಂಬಿನ ಜಗಳ ಪಂಜಾಬ್, ಹರಿಯಾಣದ ಭತ್ತದ ಗದ್ದೆಗೆ ಬಂದದ್ದು ಹೀಗೆ.

ಇಷ್ಟಾದರೂ ವೈರಿ ಬಗ್ಗಿದನೇ? 2021ರ ಏಪ್ರಿಲಿನಲ್ಲಿ ಇರಾನ್ ಸಂವರ್ಧನೆಯನ್ನು ಶೇ 60ಕ್ಕೆ ಏರಿಸಿತು. ಬಾಂಬಿಗೆ ಬೇಕಾದದ್ದು ಸುಮಾರು ಶೇ 90. ಇರಾನಿನ ತೈಲ ಕಡಿಮೆ ಬೆಲೆಗೆ ಚೀನಾಕ್ಕೆ ಹರಿಯಿತು. ಹೇಳಿದ ಮಾತು ಕೇಳಿದವರು ಗಿರಾಕಿ ಕಳೆದುಕೊಂಡರು, ಕೇಳದವರಿಗೆ ಅಗ್ಗದ ತೈಲ. ನಮಗಂತೂ ಇದರಲ್ಲಿ ನ್ಯಾಯ ಕಾಣುವುದಿಲ್ಲ.

ಇನ್ನು ಚಾಬಹಾರ್. ಪಾಕಿಸ್ತಾನವನ್ನು ಬಳಸದೆ ಅಫ್ಘಾನಿಸ್ತಾನ ತಲುಪಲು ಭಾರತ ದುಡ್ಡು ಹಾಕಿರುವ ಇರಾನಿನ ಬಂದರು ಅದು. 2024ರ ಮೇ ತಿಂಗಳಲ್ಲಿ 10 ವರ್ಷದ ಒಪ್ಪಂದವೂ ಆಯಿತು. 2018ರಲ್ಲಿ ಅದಕ್ಕೆ ಕೊಟ್ಟಿದ್ದ ವಿನಾಯಿತಿಯನ್ನು ಅಮೆರಿಕ 2025ರ ಸೆಪ್ಟೆಂಬರಿನಲ್ಲಿ ರದ್ದು ಮಾಡಿತು. ಮರು ತಿಂಗಳೇ ಮತ್ತೆ ಕೊಟ್ಟಿತು, ಆರು ತಿಂಗಳಿಗೆ.