ಬೇಲೂರು ದಾಟಿದರೆ ದೇಗಾಂವ

ಬೇಲೂರು ಎಂದೊಡನೆ ಮಕ್ಕಳ ಕಣ್ಣ ಮುಂದೆ ಬರುವುದು ಹಾಸನ ಜಿಲ್ಲೆಯ ಶಿಲಾಬಾಲಿಕೆಯರು. ಧಾರವಾಡದವರಿಗೆ ಮಾತ್ರ ಬೇಲೂರು ಅಂದರೆ ಬೆಳಗಾವಿ ಹೆದ್ದಾರಿಯ ಕೈಗಾರಿಕಾ ಪ್ರದೇಶ, ಪಾಳಿ ಬದಲಾಗುವ ಹೊತ್ತಿನ ಬಸ್ಸುಗಳ ಸಾಲು. "ನಮ್ಮ ಬೇಲೂರಿನಾಗ ಗುಡಿ ಇಲ್ಲೇನು?" ಎಂದು ಮಗ ಕೇಳಿದ. ಅದೇ ಹೆದ್ದಾರಿ ಹಿಡಿದು ಕಿತ್ತೂರಿಗೆ ಹೋದೆವು. ಅಲ್ಲಿಂದ ದೇಗಾಂವ ಐದಾರು ಕಿಲೋಮೀಟರು.

ಊರಿನಲ್ಲಿರುವ ಕಮಲನಾರಾಯಣ ಗುಡಿಗೆ ದೂರದಿಂದ ಕಾಣುವ ಶಿಖರವಿಲ್ಲ. ಉದ್ದನೆಯ, ತಗ್ಗಾದ ಕಟ್ಟಡ. ನೋಡಿದೊಡನೆ ಮಕ್ಕಳಿಗೆ ನಿರಾಸೆಯಾದೀತು. ಒಳಗೆ ಕಾಲಿಡುವವರೆಗೆ ತಾಳಬೇಕು.

12ನೇ ಶತಮಾನದಲ್ಲಿ ಇದನ್ನು ಕಟ್ಟಿಸಿದವಳು ಗೋವಾ ಕದಂಬರ ರಾಣಿ ಕಮಲಾದೇವಿ. ಊರಿನ ಹಳೆಯ ಹೆಸರು ದೇಗಾಂವೆ. ಇಲ್ಲಿ ಅಗ್ರಹಾರ ಮಾಡಿಸಿದ್ದನ್ನು 1174ರ ಶಾಸನ ಹೇಳುತ್ತದೆ. ಅವಳ ಗಂಡ ಪೆರ್ಮಾಡಿಗೆ ಶಿವಚಿತ್ತನೆಂಬ ಬಿರುದು, ಅವನ ತಮ್ಮ ವಿಜಯಾದಿತ್ಯನಿಗೆ ವಿಷ್ಣುಚಿತ್ತನೆಂಬುದು. ಒಂದೇ ಮನೆಯಲ್ಲಿ ಎರಡು ಚಿತ್ತ! ಶಿವಚಿತ್ತನ ಹೆಂಡತಿಯೇ ನಾರಾಯಣನಿಗೆ ಗುಡಿ ಕಟ್ಟಿಸಿದಳು. ಮೂರು ಗರ್ಭಗುಡಿಗಳು ತ್ರಿಕೂಟಗಳಲ್ಲಿ ಇರುವಂತೆ ಮೂರು ದಿಕ್ಕಿಗಿಲ್ಲ, ಒಂದೇ ಸಾಲಿನಲ್ಲಿವೆ. ಒಂದರಲ್ಲಿ ನಾರಾಯಣ, ಇನ್ನೊಂದರಲ್ಲಿ ಲಕ್ಷ್ಮಿಯನ್ನು ತೊಡೆಯ ಮೇಲೆ ಕೂರಿಸಿಕೊಂಡ ನಾರಾಯಣ, ಮತ್ತೊಂದರಲ್ಲಿ ಕಮಲೆ. ರಾಣಿಯ ಹೆಸರೂ ಕಮಲೆಯೇ ಅಲ್ಲವೆ? ಅದು ಭಕ್ತಿಯೋ, ಸಣ್ಣ ಅಭಿಮಾನವೋ, ನನಗಂತೂ ಎರಡೂ ಇರಲೆಂದೇ ಆಸೆ.

ಮುಂದಿನ ಮಂಟಪದ ಕಂಬಗಳ ಹತ್ತಿರ ಬಹಳ ಹೊತ್ತು ನಿಂತೆವು. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ನಮ್ಮ ಕಡೆ ಬೆಳೆದ ಕಸಬು ಇದು. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗೆ, ಗಾಳಿಗೆ ಬರಬರುತ್ತ ಗಟ್ಟಿ. ಅದನ್ನು ಚರಕಿಗೆ ಏರಿಸಿ, ತಿರುಗಿಸುತ್ತ ಉಳಿ ಹಿಡಿದರೆ ಇಂಥ ದುಂಡನೆಯ ಉಂಗುರಗಳು ಏಳುತ್ತವೆ. ಬೇಲೂರಿನ ಕಾರ್ಖಾನೆಯಲ್ಲಿ ಲೇತ್ ಮೇಲೆ ಕಬ್ಬಿಣ ತಿರುಗಿಸುವವನಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ರಾಜರ ಹೆಸರು ಉಳಿಯುವುದು ಸಹಜ. ಇಲ್ಲಿ ಕಟ್ಟಿದವನ ಹೆಸರೂ ಉಳಿದಿದೆ: ತಿಪ್ಪೋಜ. ಗುಡಿಯೀಗ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಹೋಗುವವರು ಬ್ಯಾಟರಿ ಒಯ್ಯಿರಿ. ಒಳಗೆ ಬೆಳಕು ಕಡಿಮೆ, ಛತ್ತಿನ ಕೆತ್ತನೆ ಕತ್ತಲಲ್ಲಿ ಕಾಣದು. ಕಂಬಗಳನ್ನು ಮುಟ್ಟಬೇಡ ಎಂದಿದ್ದೆ. ಮಗ ಕೈ ಹಿಂದೆ ಕಟ್ಟಿಕೊಂಡೇ ಒಂದು ಕಂಬದ ಉಂಗುರ ಎಣಿಸಿದ, ಲೆಕ್ಕ ತಪ್ಪಿ ಮತ್ತೆ ಮೊದಲಿನಿಂದ ಎಣಿಸತೊಡಗಿದ.