ನನ್ನ ವಿಮಾನ

ಚರಿತ್ರೆ ಓದುವವನಿಗೆ ವಿಮಾನದ ಹುಚ್ಚೇಕೆಂದು ಗೆಳೆಯರು ನಗುತ್ತಾರೆ. ನಗಲಿ. ರೇಡಿಯೋದಿಂದ ನಡೆಸುವ ಮಾದರಿ ವಿಮಾನವನ್ನು ೧೯೩೭ರಲ್ಲಿ ಹಾರಿಸಿದ ಅಮೆರಿಕದ ಅವಳಿ ಸಹೋದರರು, ವಾಲ್ಟರ್ ಮತ್ತು ವಿಲಿಯಂ ಗುಡ್, ಆಗ ಹೆಚ್ಚುಕಡಿಮೆ ನಮ್ಮ ವಯಸ್ಸಿನವರೇ. ಅವರ ವಿಮಾನ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯ ಸೇರಿತು. ನನ್ನ ಮೊದಲನೆಯದು ಮನೆಯ ಅಟ್ಟ ಸೇರಿದೆ.

ಥರ್ಮೋಕೋಲ್ ಹಾಳೆ ಕೊಯ್ದು ಒಂದು ಮೀಟರ್ ಉದ್ದ, ೧೮ ಸೆಂಟಿಮೀಟರ್ ಅಗಲದ ರೆಕ್ಕೆ ಮಾಡಿದೆನು. ಬಗ್ಗದಿರಲೆಂದು ಒಳಗೊಂದು ಬಿದಿರಿನ ದಬ್ಬೆ. ಬಾಲದ ಪಟ್ಟಿಗಳನ್ನು ಆಡಿಸುವುದಕ್ಕೆ ಬೆರಳುಗಾತ್ರದ ಸರ್ವೋ ಯಂತ್ರಗಳು. ಅವಕ್ಕೂ ಪಟ್ಟಿಗಳಿಗೂ ನಡುವೆ ಸೈಕಲ್ ಚಕ್ರದ ಕಡ್ಡಿ. ಚಪ್ಪಲಿಗೆ ಹಚ್ಚುವ ಅಂಟು ಥರ್ಮೋಕೋಲನ್ನು ತಿಂದುಹಾಕುತ್ತದೆಂಬುದು ಒಂದು ರೆಕ್ಕೆ ಕರಗಿದ ಮೇಲೆ ತಿಳಿಯಿತು. ಮರಗೆಲಸದ ಬಿಳಿಯ ಅಂಟೇ ಕೊನೆಗೆ ಕೈಹಿಡಿಯಿತು.

ಮೋಟಾರು, ರೇಡಿಯೋಗಳು ಹಳೆಯವು ದೊರೆತವು. ಬ್ಯಾಟರಿಗೆ ಮಾತ್ರ ಕೈಯಲ್ಲಿ ಕಾಸಿರಲಿಲ್ಲ. ರವಿಕೆ ಹೊಲಿದು ಕೂಡಿಟ್ಟಿದ್ದ ಹಣದಲ್ಲಿ ಅಕ್ಕ ೧೮೦೦ ರೂಪಾಯಿ ಕೊಟ್ಟಳು. ಲಿಥಿಯಂ ಪಾಲಿಮರ್‌ನ ಮೂರು ಕೋಶ, ೧೧.೧ ವೋಲ್ಟ್, ೨೨೦೦ ಮಿಲಿಆಂಪಿಯರ್-ಗಂಟೆ. ಮೋಟಾರು ೧೩ ಆಂಪಿಯರ್ ಸೆಳೆಯುತ್ತಿದ್ದರೆ ಹತ್ತು ನಿಮಿಷಕ್ಕೆ ಬರಿದಾಗುತ್ತದೆ. ಐದರಲ್ಲೊಂದು ಪಾಲು ಉಳಿಸದಿದ್ದರೆ ಬ್ಯಾಟರಿಯೇ ಕೆಡುವುದರಿಂದ ನಮ್ಮ ಪಾಲಿಗೆ ಎಂಟೇ ನಿಮಿಷ. ಇನ್ನೂ ದೊಡ್ಡದು ಹಾಕೋಣವೆಂದರೆ ಅದರ ತೂಕವನ್ನು ಹೊರುವುದಕ್ಕೇ ಶಕ್ತಿ ಸಾಲದು. ದುಡಿಯುವ ಎತ್ತಿನ ಮೇಲೆಯೇ ಅದರ ಮೇವನ್ನೆಲ್ಲ ಹೇರಿದಂತೆ.

ಇಂಥ ವಿಮಾನದ ತೂಕ ರೆಕ್ಕೆಯ ಮುಂದಿನ ಅಂಚಿನಿಂದ ಅಗಲದ ಕಾಲು ಭಾಗಕ್ಕೂ ಮೂರನೆಯ ಒಂದು ಭಾಗಕ್ಕೂ ನಡುವೆ ಸಮವಾಗಬೇಕು. ಎರಡು ಬೆರಳ ಮೇಲೆ ನಿಲ್ಲಿಸಿ ನೋಡಿದೆ. ತಕ್ಕಡಿಯ ಮುಳ್ಳಿನಂತೆ ನಿಂತಿತು. ಆಗ ಬ್ಯಾಟರಿ ಪಕ್ಕದ ಕೋಣೆಯಲ್ಲಿ ಚಾರ್ಜ್ ಆಗುತ್ತಿತ್ತೆಂಬುದನ್ನು ಮಾತ್ರ ಈ ಪಂಡಿತ ಮರೆತಿದ್ದ!

ಮರುದಿನ ಬತ್ತಿದ ಕೆರೆಯಂಗಳದಲ್ಲಿ, ಜಾಗವಿದ್ದ ಕಡೆ, ಅಂದರೆ ರೆಕ್ಕೆಯ ಹಿಂದೆ, ಬ್ಯಾಟರಿಯನ್ನು ತುರುಕಿ ಎಸೆದೆ. ಮೂತಿ ಮೇಲೆದ್ದಿತು. ನಾನು ಕಡ್ಡಿಯನ್ನು ಎಷ್ಟು ತಳ್ಳಿದರೂ ಕೆಳಗಾಗಲಿಲ್ಲ. ಒಂದು ಕ್ಷಣ ಗಾಳಿಯಲ್ಲಿ ನಿಂತಂತಾಗಿ, ಮಗುಚಿ, ಕಲ್ಲಿನ ಮೇಲೆ ಬಿದ್ದಿತು. ಬ್ಯಾಟರಿ ನುಗ್ಗಾಗಿ ಊದತೊಡಗಿತು. ಅಂಥದಕ್ಕೆ ಬೆಂಕಿ ಹತ್ತುವ ಭಯ. ದೂರದಲ್ಲಿ ಮರಳಿನ ಬಕೆಟ್ಟಿನಲ್ಲಿ ಹೂತಿಟ್ಟೆ.

ಸಂಜೆ ಅಕ್ಕ ಕೇಳಿದಳು. “ಬ್ಯಾಟರಿ ಮುಗಿದುಹೋಯಿತು” ಎಂದೆ.

“ಮತ್ತೆ ಚಾರ್ಜಿಗೆ ಹಾಕಿದರೆ ಆಗಲ್ವೇನೋ?”

ಉತ್ತರ ಹೊರಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ರಾತ್ರಿ ಊಟದ ಹೊತ್ತಿಗೆ ನಿಜ ಹೇಳಿದೆ. ಅವಳು “ಮಜ್ಜಿಗೆ ಬೇಕೇನೋ?” ಎಂದಳು, ಅಷ್ಟೇ.

ಎರಡು ತಿಂಗಳು ಸಂಜೆ ಜೆರಾಕ್ಸ್ ಅಂಗಡಿಯಲ್ಲಿ ದುಡಿದು ಇನ್ನೊಂದು ಬ್ಯಾಟರಿ ಕೊಂಡೆ. ಹೊಸ ವಿಮಾನ ಕಟ್ಟಿ, ಅದನ್ನು ಮೂತಿಯಲ್ಲಿ ಕಟ್ಟಿ, ಎಲ್ಲವೂ ಒಳಗಿರುವಂತೆಯೇ ತೂಗಿದೆ. ಈ ಸಲ ಅಕ್ಕನೇ ಕೆರೆಯಂಗಳಕ್ಕೆ ಬಂದು ಎಸೆದಳು. ವಿಮಾನ ಏರಿತು, ಅರಳಿಮರವನ್ನು ಬಳಸಿತು. ಆರನೆಯ ನಿಮಿಷಕ್ಕೆ ಮೋಟಾರು ನಿಲ್ಲಿಸಿ ತೇಲಿಸಿ ಇಳಿಸಿದೆ.

“ಇಷ್ಟು ಹೊತ್ತಿಗೆ ಎರಡು ರವಿಕೆಗೆ ಕೊಕ್ಕೆ ಹಾಕಿರುತ್ತಿದ್ದೆ” ಎಂದಳು ಅಕ್ಕ. ಆಮೇಲೆ ವಿಮಾನವನ್ನು ಎತ್ತಿಕೊಂಡು, ರೆಕ್ಕೆಯ ಮಣ್ಣನ್ನು ಸೆರಗಿನಿಂದ ಒರೆಸುತ್ತ, “ಇನ್ನೂ ಎರಡು ನಿಮಿಷ ಇದೆಯಲ್ಲೋ?” ಎಂದಳು.